ರಾಣಿ ಯಾರೆಂದು ಅವರಿಗೆ ಗೊತ್ತು

ಕಣಜದ ಗೂಡು ಕಂಡರೆ ಪೊರಕೆ ಹುಡುಕುವವರೇ ಹೆಚ್ಚು. ಹುಳು ನೋಡುವ ಚಟದವರಿಗೆ ಮಾತ್ರ ಅದು ಬಿಟ್ಟಿ ನಾಟಕ. ಜೇನಿನಂತೆ ಕತ್ತಲ ಪೊಟರೆಯ ಸಂಸಾರವಲ್ಲ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ್ದು. ನಾರು ಅಗಿದು ಕಟ್ಟಿದ ಬೂದು ಕಾಗದದ ಕೋಣೆಗಳು, ತಳಕ್ಕಂಟಿದ ಮೊಟ್ಟೆ, ತುತ್ತಿಗೆ ಕಾದ ಮರಿಹುಳು, ಎಲ್ಲವೂ ಬಟಾಬಯಲು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು ದಶಕಗಟ್ಟಲೆ ಈ ಕಣಜದ ಬೆನ್ನು ಬಿದ್ದವರು. ಒಂದೊಂದರ ಮೈಗೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡಿದರೆಂದು ಬರೆದಿಟ್ಟರು. ಇಲ್ಲಿನ ರಾಣಿ ನೋಡಲು ಉಳಿದವರಂತೆಯೇ. ಯಾರ ಮೇಲೂ ದರ್ಪ ತೋರುವವಳಲ್ಲ. ಮೊಟ್ಟೆ ಇಡುವಾಗ ಸಿಕ್ಕಿಬಿದ್ದರಷ್ಟೇ ಗುರುತು.

ಅವಳನ್ನು ಎತ್ತಿಬಿಟ್ಟರೆ ಶುರು ತಮಾಷೆ. ನಿಮಿಷಗಳಲ್ಲೇ ಕೆಲಸದವಳೊಬ್ಬಳು ಸಿಡಿದೆದ್ದು ಸಿಕ್ಕಸಿಕ್ಕವರನ್ನು ಕಚ್ಚುತ್ತಾಳೆ, ಅಟ್ಟುತ್ತಾಳೆ. ರಾಣಿಯನ್ನು ತಂದುಬಿಟ್ಟರೆ ತೆಪ್ಪಗೆ ಹಳೆಯ ಕೆಲಸಕ್ಕೆ. ತರದಿದ್ದರೆ ವಾರದೊಳಗೋ ತುಸು ಆಚೀಚೆಯೋ ಮೊಟ್ಟೆ ಇಡತೊಡಗಿ ಅವಳೂ ಸಾಧುವಾಗುತ್ತಾಳೆ. ಮುಂದಿನ ಸರದಿ ಯಾರದೆಂದು ರಾಣಿ ಇರುವಾಗ ನಮಗೆ ಹೇಳಲಾಗದು. ಗೂಡನ್ನು ಕತ್ತರಿಸಿ, ನಡುವೆ ಜಾಲರಿ ಇಟ್ಟು, ರಾಣಿಯನ್ನು ಅತ್ತಿತ್ತ ಮಾಡಿ ನೋಡಿದ ಪ್ರಯೋಗದಲ್ಲಿ, ಸರದಿಯವಳಿಗೆ ಎದುರು ನಿಂತವರೇ ಇಲ್ಲ. ಅವರಿಗೆ ಮೊದಲೇ ಗೊತ್ತು!

ಬೇರೆ ಗೂಡು ಕಟ್ಟಬಲ್ಲ ಹೆಣ್ಣು ಇನ್ನೊಬ್ಬಳ ಮನೆಯಲ್ಲಿ ದುಡಿಯುವುದೇಕೆ? ಬಂಧುಗಳನ್ನು ಸಾಕಿದರೂ ತನ್ನ ವಂಶವಾಹಿಗಳೇ ಮುಂದೆ ಸಾಗುತ್ತವೆ ಎಂದು ಜೀವವಿಜ್ಞಾನಿ ಹ್ಯಾಮಿಲ್ಟನ್ 1964ರಲ್ಲಿ ಲೆಕ್ಕ ಕೊಟ್ಟರು. ಒಬ್ಬನೇ ಅಪ್ಪನಾದರೆ ಕಣಜದ ಅಕ್ಕತಂಗಿಯರ ನಂಟು ಮುಕ್ಕಾಲು ಪಾಲು. ಚಂದದ ಲೆಕ್ಕವೇ. ಆದರೆ ಈ ರಾಣಿ ಕೂಡುವುದು ಹಲವು ಗಂಡುಗಳ ಜೊತೆ, ರಾಣಿಯರೂ ಬದಲಾಗುತ್ತಿರುತ್ತಾರೆ. ಬಾಯಿಗೆ ತುತ್ತಿಡುವ ಮರಿ ತಂಗಿಯೇ ಆಗಬೇಕಿಲ್ಲ, ದೊಡ್ಡಮ್ಮನ ಮೊಮ್ಮಗಳೂ ಆಗಿರಬಹುದು.

ಗದಗಕರ್ 1990ರಲ್ಲಿ ಮುಂದಿಟ್ಟ ವಾದ ನನಗೆ ಹೆಚ್ಚು ಹಿಡಿಸುತ್ತದೆ. ಮರಿ ಕೋಶ ಕಟ್ಟುವವರೆಗೆ ದಿನವೂ ಉಣಿಸಬೇಕು, ರೆಕ್ಕೆ ಬಲಿತು ಹೊರಬರುವವರೆಗೆ ಕಾಯಬೇಕು. ಒಂಟಿ ತಾಯಿ ನಡುವೆ ಸತ್ತರೆ ಪಟ್ಟ ಪಾಡೆಲ್ಲ ನೀರುಪಾಲು. ಗುಂಪಿನಲ್ಲಿ ಒಬ್ಬಳು ಸತ್ತರೂ ಅವಳು ಅರ್ಧ ಸಾಕಿದ ಮರಿಯನ್ನು ಮತ್ತೊಬ್ಬಳು ದಡ ಹಾಯಿಸುತ್ತಾಳೆ. ಮೇಲಾಗಿ, ಎಂದಾದರೂ ತನ್ನ ಸರದಿಯೂ ಬಂದೀತು.

ನಮ್ಮ ಕಡೆ ಈ ಗೂಡುಗಳಿಗೆ ಇಂಥದೇ ಕಾಲವೆಂದಿಲ್ಲ, ವರ್ಷವಿಡೀ ಸಿಗುತ್ತವೆ. ಒಬ್ಬಳೇ ಕಟ್ಟಿದ ಪುಟ್ಟ ಗೂಡು ಸಿಕ್ಕರೆ ಬಿಡಬೇಡಿ. ಅವಳು ಬೇಟೆಗೆ ಹಾರಿದಾಗ ಮರಿಗಳನ್ನು ಕಾಯುವವರು ಯಾರಿದ್ದಾರೆಂದು ನೋಡಿ, ಆಮೇಲೆ ಪಕ್ಕದ ದೊಡ್ಡ ಗೂಡನ್ನು ನೋಡಿ.