ರುಚಿಯ ಟಿಪ್ಪಣಿಯಲ್ಲಿ ಅಮಲಿಗೆ ಜಾಗವೆಲ್ಲಿ?

ರಸ, ಆಸ್ವಾದ, ಅಭಿರುಚಿ, ಚರ್ವಣ. ನಮ್ಮ ಕಾವ್ಯಮೀಮಾಂಸೆ ಬಳಸುವ ಈ ಪದಗಳೆಲ್ಲ ಮೊದಲು ನಾಲಿಗೆಗೆ ಸೇರಿದವು. ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಭರತ ರಸವೆಂದರೇನೆಂದು ಹೇಳಲು ವ್ಯಂಜನಗಳು ಕೂಡಿದ ಊಟದ ಉದಾಹರಣೆ ಕೊಡುತ್ತಾನೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ–ಸಂಸ್ಕೃತಗಳ ಹೊಂದದ ಬೆರಕೆಯನ್ನು ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸುತ್ತದೆ. ಅದೇ ಗ್ರಂಥ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕಿಸುವೊಳಲ್ ಎಂದರೆ ಇಂದಿನ ಪಟ್ಟದಕಲ್ಲು, ನನ್ನೂರು ಕಮತಗಿಯ ನೆರೆಯ ಸೀಮೆ. ವಿಮರ್ಶೆ ನಾಲಿಗೆಯಿಂದ ಇಷ್ಟೊಂದು ಸಾಲ ಪಡೆದಿರುವಾಗ, ನಾಲಿಗೆಯ ಬರಹವನ್ನು ವಿಮರ್ಶೆಯ ಕಣ್ಣಿನಿಂದ ಓದುವುದು ಅತಿಯಾಗಲಾರದು.

ಇಲ್ಲಿ ನಾನು ಓದುತ್ತಿರುವುದು ಬಿಯರಿನ ರುಚಿ ಟಿಪ್ಪಣಿ. ಇದೊಂದು ಚಿಕ್ಕ ಸಾಹಿತ್ಯ ಪ್ರಕಾರ, ವಯಸ್ಸೂ ಹೆಚ್ಚಿಲ್ಲ. ಇಂಗ್ಲಿಷ್ ಬರಹಗಾರ ಮೈಕಲ್ ಜಾಕ್ಸನ್ (ಹಾಡುಗಾರನಲ್ಲ) 1977ರಲ್ಲಿ ಜಗತ್ತಿನ ಬಿಯರುಗಳ ಬಗ್ಗೆ ಬರೆದ ಪುಸ್ತಕದಿಂದ ಅದಕ್ಕೊಂದು ಗಂಭೀರ ಗದ್ಯ ಸಿಕ್ಕಿತು. ಅದೇ ದಶಕದಲ್ಲಿ ಮಾರ್ಟನ್ ಮೈಲ್ಗಾರ್ಡ್ ಎಂಬ ವಿಜ್ಞಾನಿ ವಾಸನೆ, ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿದ. ಇಂದಿನ ಟಿಪ್ಪಣಿ ನಾಲ್ಕು ಮೆಟ್ಟಿಲು ಇಳಿಯುತ್ತದೆ: ಬಣ್ಣ, ವಾಸನೆ, ಬಾಯಿಯ ಅನುಭವ, ಕೊನೆಗೆ ಉಳಿಯುವ ರುಚಿ.

ಈ ಪ್ರಕಾರದ ಬಲ, ದೌರ್ಬಲ್ಯ ಎರಡೂ ಕಾಣುವುದು ಮರದ ಪೀಪಾಯಿಯಲ್ಲಿ ಮಾಗಿಸಿದ ಬೆಲ್ಜಿಯನ್ ಶೈಲಿಯ ಗಟ್ಟಿ ಏಲ್‌ಗಳ ಬಗ್ಗೆ ಬರೆದಾಗ. ನೆದರ್ಲೆಂಡ್ಸಿನ ಟಿಲ್ಬರ್ಗ್ ಬಳಿಯ ಟ್ರಾಪಿಸ್ಟ್ ಮಠದಲ್ಲಿ ತಯಾರಾಗುವ ಲಾ ಟ್ರಾಪ್ ಕ್ವಾಡ್ರುಪೆಲ್ ಅಂಥದ್ದೊಂದು. 1991ರಲ್ಲಿ ಮೊದಲು ಬಂದ ಈ ಏಲ್‌ನಲ್ಲಿ ಆಲ್ಕೋಹಾಲ್ ಶೇ. 10. ಅದನ್ನೇ ಓಕ್ ಪೀಪಾಯಿಗಳಲ್ಲಿ ಮಾಗಿಸಿ ಬೇರೆಯಾಗಿಯೂ ಮಾರುತ್ತಾರೆ. ಪೀಪಾಯಿ ಬದಲಾದಂತೆ ಒಂದು ಸಲದ ರುಚಿ ಇನ್ನೊಂದು ಸಲ ಇರುವುದಿಲ್ಲ. ಇದರ ಬಗೆಗಿನ ಟಿಪ್ಪಣಿಗಳಲ್ಲಿ ಮಾತ್ರ ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ: ಟಾಫಿ, ವೆನಿಲ್ಲಾ, ಓಕ್, ಒಣಹಣ್ಣು.

ಗೆಳೆಯನೊಬ್ಬ ತಂದ ಬಾಟಲಿಯಿಂದ ಒಂದು ಲೋಟ ನನ್ನ ಪಾಲಿಗೂ ಬಂದಾಗ ನಾನು ಕನ್ನಡದಲ್ಲೇ ಗುರುತು ಹಾಕಿಕೊಂಡೆ. ಬಣ್ಣ ಕೆಂಪು ಬೆರೆತ ಕಂದು. ಮೂಗಿಗೆ ಮೊದಲು ಬಂದದ್ದು ಕೊಪ್ಪರಿಗೆಯಲ್ಲಿ ಕುದ್ದು ಪಾಕಕ್ಕೆ ಬರುತ್ತಿರುವ ಬೆಲ್ಲ, ಅದರ ಹಿಂದೆ ಉತ್ತತ್ತಿ, ತುಸು ಲವಂಗ. ಇದರಲ್ಲಿ ಲವಂಗವನ್ನು ಯಾರೂ ಹಾಕಿರುವುದಿಲ್ಲ. ಬೆಲ್ಜಿಯನ್ ಶೈಲಿಯ ಯೀಸ್ಟ್ ಹುದುಗುವಾಗ ಆ ವಾಸನೆಯನ್ನು ತಾನೇ ಹುಟ್ಟಿಸುತ್ತದೆ. ನುಂಗಿದ ಮೇಲೆ ವಸಡಿಗೆ ಹಿಡಿದದ್ದು ಒಗರು. ಅದು ಮರದ ಟ್ಯಾನಿನ್. ಜಾಲಿಕಡ್ಡಿಯಿಂದ ಹಲ್ಲುಜ್ಜಿದವರಿಗೆ ಈ ಒಗರನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಊರಿನ ಪದಕ್ಕೆ ಒಗ್ಗಿಸಿದರೆ ಅದೂ ಸುಳ್ಳೇ ಆಗುತ್ತದೆ. ಓಕ್ ಮರದಿಂದ ಬರುವ ವೆನಿಲ್ಲಾ ವಾಸನೆಗೆ ನನ್ನೊಳಗೆ ಇರುವ ನೆನಪು ಜಾತ್ರೆಯ ಐಸ್‌ಕ್ರೀಮಿನದು. ಅದನ್ನು ಕೇದಗೆ, ಸಂಪಿಗೆ ಎಂದು ಬರೆದರೆ ಓದಲು ಚೆಂದ, ಆದರೆ ನನ್ನ ಮೂಗು ಸಾಕ್ಷಿ ಹೇಳುವುದಿಲ್ಲ. ಟಿಪ್ಪಣಿಯ ಮೊದಲ ಪರೀಕ್ಷೆ ಇದೇ: ಪ್ರತಿ ಪದದ ಹಿಂದೆ ಬರೆದವರ ನೆನಪು ನಿಂತಿದೆಯೇ? ಓಕ್ ಮರವನ್ನೇ ನೋಡದ ನಾವು ‘ಓಕಿನ ಪರಿಮಳ’ ಎಂದು ಬರೆಯುವಾಗ ರುಚಿ ಹೇಳುತ್ತಿಲ್ಲ, ಬೇರೆಯವರ ಟಿಪ್ಪಣಿಯನ್ನು ಓದಿದ್ದೇವೆಂದು ಹೇಳುತ್ತಿದ್ದೇವೆ.

ಎರಡನೇ ಪರೀಕ್ಷೆ ಇನ್ನೂ ಕಷ್ಟದ್ದು. ಈ ಏಲ್ ಗಟ್ಟಿಯಾದದ್ದು. ಆದರೆ ಆ ಗಟ್ಟಿತನ ಟಿಪ್ಪಣಿಯಲ್ಲಿ ಬರೀ ಅಂಕಿಯಾಗಿ ಕೂತಿರುತ್ತದೆ. ಲೆಕ್ಕ ಹಾಕಿ ನೋಡಿ: 375 ಮಿ.ಲೀ. ಬಾಟಲಿಯಲ್ಲಿ ಶೇ. 10 ಎಂದರೆ 37.5 ಮಿ.ಲೀ. ಆಲ್ಕೋಹಾಲ್. ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್ ಮೂರು ಸೇರಿದರೆ ಸುಮಾರು ಅಷ್ಟೇ. ಸಿಹಿಯೂ ಮರದ ವಾಸನೆಯೂ ಇದನ್ನು ನಾಲಿಗೆಯಿಂದ ಮುಚ್ಚಿಡುತ್ತವೆ. ನಾಲ್ಕನೇ ಗುಟುಕಿನ ನಾಲಿಗೆ ಮೊದಲನೆಯ ಗುಟುಕಿನ ನಾಲಿಗೆಯಲ್ಲ. ಟಿಪ್ಪಣಿ ಬರೆಯುವವರು ಮಾತ್ರ ಮೊದಲಿನಿಂದ ಕೊನೆಯವರೆಗೂ ಒಬ್ಬರೇ ಆಗಿ, ನಿಚ್ಚಳವಾಗಿ ಕೂತಿರುತ್ತಾರೆ. ಅಮಲು, ಮತ್ತು, ಗುಂಗು ಎಂದು ಕನ್ನಡ ಬೇರೆ ಬೇರೆಯಾಗಿ ಗುರುತಿಸುವ ಸ್ಥಿತಿಗಳಿಗೆ ರುಚಿಯ ಚಕ್ರದಲ್ಲಿ ಮನೆಯೇ ಇಲ್ಲ.

ಕನ್ನಡದ ದೊಡ್ಡ ಕುಡುಕ ಇದಕ್ಕೆ ತಿರುವುಮುರುವು. ಸ್ವತಃ ಕುಡಿಯದ ಜಿ.ಪಿ. ರಾಜರತ್ನಂ ಸೃಷ್ಟಿಸಿದ ರತ್ನನಿಗೆ ಹೆಂಡದ ರುಚಿ ವರ್ಣಿಸುವ ಉಮೇದಿಲ್ಲ. ಅವನಿಗೆ ಬೇಕಾದದ್ದು ಅಮಲು ಬಿಚ್ಚಿಡುವ ಮಾತು. ದೇವರೇ ಬಂದು ಬಿಡು ಎಂದರೆ ಹೆಂಡ ಬಿಟ್ಟಾನು, ಕನ್ನಡ ಬಿಡಲಾರ. ರುಚಿಯಿಲ್ಲದೆ ಅಮಲನ್ನೇ ಬರೆದ ಕಾವ್ಯ ಒಂದು ಕಡೆ, ಅಮಲಿಲ್ಲದೆ ರುಚಿಯನ್ನೇ ಬರೆದ ಗದ್ಯ ಇನ್ನೊಂದು ಕಡೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಒಂದು ಬಿಟ್ಟದ್ದು ಇನ್ನೊಂದರಲ್ಲಿ ಕಾಣುತ್ತದೆ.

ಎರಡರಲ್ಲೂ ಹೆಚ್ಚು ಕೇಳಿಸದ ದನಿ ಮನೆಯಲ್ಲಿ ಕಾಯುವವರದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರು ಅವರಲ್ಲಿ ಬಹಳ. ಪ್ಯಾಕೆಟ್ ಸಾರಾಯಿಗೂ ಮಠದ ಏಲ್‌ಗೂ ಏನು ಸಂಬಂಧ ಎಂದು ಕೇಳಬಹುದು. ಬೆಲೆ ಬೇರೆ, ಕುಡಿಯುವ ಜನ ಬೇರೆ, ನಿಜ. ಆದರೆ ರುಚಿಯ ಸೊಗಸಾದ ಭಾಷೆ ಒಂದನ್ನು ‘ಅಭಿರುಚಿ’ ಮಾಡಿ ಇನ್ನೊಂದನ್ನು ‘ಚಟ’ ಎನ್ನುವಾಗ, ಎರಡರೊಳಗೂ ಇರುವ ಒಂದೇ ಆಲ್ಕೋಹಾಲನ್ನು ಅಡಗಿಸುತ್ತದೆ. ಬಡವರ ಕುಡಿತಕ್ಕೆ ಅಮಲಿನ ಪದಗಳು, ಉಳ್ಳವರ ಕುಡಿತಕ್ಕೆ ಪರಿಮಳದ ಪದಗಳು: ಈ ಹಂಚಿಕೆಯನ್ನು ನಮ್ಮ ಬರಹ ಪ್ರಶ್ನಿಸದೆ ಒಪ್ಪಿಕೊಳ್ಳಬಾರದು.

ಕನ್ನಡದಲ್ಲಿ ರುಚಿ ಟಿಪ್ಪಣಿ ಬರಲಿ, ಚೆನ್ನಾಗಿಯೇ ಬರಲಿ. ಆದರೆ ಅದಕ್ಕೆ ಐದನೇ ಮೆಟ್ಟಿಲು ಒಂದಿರಲಿ. ನನ್ನ ಟಿಪ್ಪಣಿಯ ಆ ಮೆಟ್ಟಿಲಲ್ಲಿ ಹೀಗಿದೆ: ಅರ್ಧ ಲೋಟ ಮುಗಿಯುವಾಗ ಕಿವಿ ಬಿಸಿ. ಲವಂಗ ಈಗ ಗೊತ್ತಾಗುತ್ತಿಲ್ಲ. ಬೆಲ್ಲ ಮಾತ್ರ ಇದೆ, ಮಾತು ಜಾಸ್ತಿಯಾಗಿದೆ. ಉಳಿದರ್ಧ ಲೋಟದ ಬಗ್ಗೆ ನಾನು ಹೇಳುವ ರುಚಿಯನ್ನು ಅಷ್ಟಾಗಿ ನಂಬಬೇಡಿ.