ಹನ್ನೆರಡೂವರೆ ವರ್ಷ ಕಾದವರ ಕೈಗೆ

ಹೋದ ಕೂಟದಲ್ಲಿ ಬಾಣಭಟ್ಟನ ಮಾತು ಬಂದದ್ದು ನಿಮಗೆ ನೆನಪಿರಬಹುದು. ಬಾಣ ತನ್ನ ಕಾದಂಬರಿಯನ್ನು ಮುಗಿಸುವ ಮೊದಲೇ ತೀರಿಕೊಂಡ, ಉಳಿದದ್ದನ್ನು ಮಗ ಭೂಷಣಭಟ್ಟ ಮುಗಿಸಿದ. ನಾವು ಇವತ್ತು ನಾವೆಲ್ಲಿಗೆ ಇಟ್ಟುಕೊಂಡಿರುವ ಹೆಸರೇ ಅರ್ಧಕ್ಕೆ ನಿಂತ ಒಂದು ಪುಸ್ತಕದ್ದು! ನಮ್ಮ ಕುಮಾರವ್ಯಾಸನೂ ಹತ್ತು ಪರ್ವಕ್ಕೆ ನಿಲ್ಲಿಸಿದ, ಮುಂದಿನ ಕಥೆಗೆ ತಿಮ್ಮಣ್ಣ ಕವಿ ಬರಬೇಕಾಯಿತು. ಕಾಫಿ ಹೊತ್ತಿಗೆ ಯಾರೋ "ಈ ಕಾಲದಲ್ಲಿ ಕಥೆಯ ಮುಂದಿನ ಭಾಗಕ್ಕೆ ಹಾಗೆ ಕಾಯುವವರು ಯಾರಿದ್ದಾರೆ ಬಿಡಿ" ಎಂದರು. ಇದ್ದಾರೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು, ಹೇಳಹೊರಟದ್ದು ಒಂದು ವಿಡಿಯೋ ಗೇಮಿನ ವಿಷಯ ಎಂಬ ಸಂಕೋಚದಿಂದ ನುಂಗಿಕೊಂಡೆ. ಆಮೇಲೆ ಸಂಪಾದಕರ ಬಳಿ ಬಾಯಿ ಬಿಟ್ಟೆ. "ಹಾಗಾದರೆ ಬರೆದೇ ಕೊಡಿ" ಎಂದರು. ತಪ್ಪು ಅವರದ್ದು.

ಗೇಮಿನ ಹೆಸರು ಹಾಫ್-ಲೈಫ್. ಮಾಡಿದ ವಾಲ್ವ್ ಕಂಪನಿ ಇರುವುದು ಇಲ್ಲೇ, ನಾವು ವಾರಕ್ಕೊಮ್ಮೆ ತರಕಾರಿಗೆ ಹೋಗುವ ಬೆಲ್‌ವ್ಯೂನಲ್ಲಿ. ಮೊದಲ ಭಾಗ ಬಂದದ್ದು 1998ರಲ್ಲಿ, ಎರಡನೆಯದು 2004ರಲ್ಲಿ. ಭೂಮಿಯನ್ನು ಕಂಬೈನ್ ಎಂಬ ಪರಲೋಕದ ಸಾಮ್ರಾಜ್ಯ ಆಕ್ರಮಿಸಿಕೊಂಡಿದೆ. ಗಾರ್ಡನ್ ಫ್ರೀಮನ್ ಎಂಬ ಭೌತವಿಜ್ಞಾನಿ ಕೈಯಲ್ಲೊಂದು ಹಾರೆಗೋಲು ಹಿಡಿದು ಅದರ ವಿರುದ್ಧ ನಿಲ್ಲುತ್ತಾನೆ. ಆಡುವವರು ಈ ಗಾರ್ಡನ್ನನ ಕಣ್ಣಿನಿಂದಲೇ ಎಲ್ಲವನ್ನೂ ನೋಡಬೇಕು. ಆತ ಮಾತ್ರ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಅವನ ಪಕ್ಕದಲ್ಲಿ ಓಡುವವಳು ಅಲಿಕ್ಸ್ ವ್ಯಾನ್ಸ್, ಅವಳ ತಂದೆ ಮುದಿ ವಿಜ್ಞಾನಿ ಈಲೈ. ಇವರೆಲ್ಲರ ಮೇಲೆ ಸೂಟು ತೊಟ್ಟು ಬ್ರೀಫ್‌ಕೇಸ್ ಹಿಡಿದ ಜಿ-ಮ್ಯಾನ್ ಎಂಬೊಬ್ಬ ಇದ್ದಾನೆ. ತನಗೆ ಬೇಕಾದವರನ್ನು ಕಾಲದಿಂದಲೇ ಎತ್ತಿ ಪಕ್ಕಕ್ಕಿಟ್ಟು, ಬೇಕಾದಾಗ ಹೊರತೆಗೆಯುವ ಆಸಾಮಿ.

ಎರಡನೆಯ ಭಾಗವಾದ ಮೇಲೆ ಕಂಪನಿ ಒಂದು ಉಪಾಯ ಮಾಡಿತು. ದೊಡ್ಡ ಗೇಮಿಗೆ ವರ್ಷಗಟ್ಟಲೆ ಕಾಯಿಸುವ ಬದಲು ಸಣ್ಣ ಸಣ್ಣ ಮೂರು ಕಂತು ಕೊಡುತ್ತೇವೆ, ಬೇಗ ಬೇಗ ಕೊಡುತ್ತೇವೆ ಎಂದಿತು. ಮೊದಲ ಕಂತು 2006ರ ಜೂನಿನಲ್ಲಿ ಬಂತು. ಎರಡನೆಯದು 2007ರ ಅಕ್ಟೋಬರಿನಲ್ಲಿ. ಮೂರನೆಯದು ಬರಲೇ ಇಲ್ಲ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ನಮಗೆ "ಮುಂದಿನ ಸಂಚಿಕೆಗೆ" ಎಂದರೆ ಏನೆಂದು ಗೊತ್ತು. ಆದರೆ ಮುಂದಿನ ಸಂಚಿಕೆಯೇ ಬರದಿದ್ದರೆ?

ಅದೂ ಎಂಥ ಕಡೆ ನಿಂತಿತು ನೋಡಿ. ಎರಡನೆಯ ಕಂತಿನ ಕೊನೆಯಲ್ಲಿ, ಗೆದ್ದೆವು ಎಂದುಕೊಂಡ ಹೊತ್ತಿಗೆ, ಹುಳುವಿನಂಥ ಒಂದು ಜೀವಿ ಗೋದಾಮಿನೊಳಗೆ ನುಗ್ಗಿ ಮಗಳ ಕಣ್ಣೆದುರೇ ಈಲೈಯನ್ನು ಕೊಲ್ಲುತ್ತದೆ. ಗಾರ್ಡನ್, ಎಂದರೆ ನಾವು, ಯಾವುದೋ ಅದೃಶ್ಯ ಶಕ್ತಿಗೆ ಸಿಕ್ಕಿ ಗೋಡೆಗೆ ಅಂಟಿಕೊಂಡಿದ್ದೇವೆ. ಮೌಸ್ ಅಲ್ಲಾಡಿಸಿದರೆ ತಲೆ ತಿರುಗುತ್ತದೆ, ಅಷ್ಟೆ. ಅಲಿಕ್ಸ್ ಅಪ್ಪನ ಹೆಣದ ಮೇಲೆ ಬಿದ್ದು ಅಳುತ್ತಾಳೆ. ಪರದೆ ಕಪ್ಪಾಗುತ್ತದೆ.

ಆಗ ನನ್ನ ಮಗಳಿಗೆ ಹದಿನಾರು. ರಾತ್ರಿ ಬೇಸ್‌ಮೆಂಟಿನಿಂದ ಮೇಲೆ ಬಂದವಳ ಕಣ್ಣು ಕೆಂಪಾಗಿತ್ತು. ಏನಾಯಿತೆಂದು ಕೇಳಿದೆ. "ಈಲೈ ಹೋದ" ಎಂದಳು. ಯಾರೋ ಕ್ಲಾಸಿನ ಹುಡುಗನಿರಬೇಕೆಂದು ಗಾಬರಿಯಾಗಿ, ವಿಷಯ ತಿಳಿದ ಮೇಲೆ ಜೋರಾಗಿ ನಕ್ಕುಬಿಟ್ಟೆ. ಆ ನಗೆಯನ್ನು ಅವಳು ಇನ್ನೂ ಕ್ಷಮಿಸಿಲ್ಲ. ಅದರ ಮರುವರ್ಷ ಶಿವಮೊಗ್ಗದಿಂದ ಫೋನು ಬಂತು. ನನ್ನ ವಿಮಾನ ಫ್ರಾಂಕ್‌ಫರ್ಟಿನಲ್ಲಿದ್ದಾಗ ತಂದೆಯವರು ಹೋದರು. ಗೋಡೆಗೆ ಅಂಟಿಕೊಂಡು ನೋಡುವುದು ಏನೆಂದು ನನಗೆ ಗೊತ್ತಾದದ್ದು ಆಗ.

ವರ್ಷಗಳು ಹೋದವು. ಕಾದವರು ಕಾಯುವುದನ್ನೇ ಒಂದು ಹಾಸ್ಯ ಮಾಡಿಕೊಂಡರು. ಈ ಕಂಪನಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ ಎಂಬ ಜೋಕನ್ನು ನನ್ನ ಮಗಳು ಪ್ರತಿ ದೀಪಾವಳಿಗೂ ಹೇಳುತ್ತಿದ್ದಳು. 2016ರಲ್ಲಿ ಕಥೆಯ ಮುಖ್ಯ ಲೇಖಕ ಮಾರ್ಕ್ ಲೇಡ್ಲಾ ಕಂಪನಿ ಬಿಟ್ಟ. 2017ರ ಆಗಸ್ಟಿನಲ್ಲಿ ಒಂದು ಪತ್ರ ಪ್ರಕಟಿಸಿದ. ಹೆಸರುಗಳನ್ನೆಲ್ಲ ತಿರುಚಿ, ಗಂಡನ್ನು ಹೆಣ್ಣಾಗಿಸಿ, ಹೆಣ್ಣನ್ನು ಗಂಡಾಗಿಸಿ ಬರೆದ ಪತ್ರ. ಆದರೆ ಓದಿದವರಿಗೆಲ್ಲ ಇದು ಬಾರದೇ ಹೋದ ಮೂರನೆಯ ಕಂತಿನ ಕಥೆ ಎಂದು ತಕ್ಷಣ ತಿಳಿಯಿತು. ಮುದಿ ವಿಜ್ಞಾನಿ ಸತ್ತೇ ಇದ್ದಾನೆ. ಕಾಲದೇಶಗಳ ನಡುವೆ ತೇಲುವ ಒಂದು ಹಡಗನ್ನೇ ಬಾಂಬು ಮಾಡಿ ಶತ್ರುವಿನ ಎದೆಗೆ ಹೊಡೆಯುವ ಹುಚ್ಚು ಸಾಹಸ ನಡೆಯುತ್ತದೆ, ಆ ಸಾಮ್ರಾಜ್ಯದ ಅಗಾಧತೆಯ ಮುಂದೆ ಅದೂ ಏನೇನೂ ಅಲ್ಲವೆಂದು ತಿಳಿಯುತ್ತದೆ. ಕೊನೆಗೆ ಎಲ್ಲರೂ ಮರೆತಂತಿರುವ ದಂಡೆಯೊಂದರಲ್ಲಿ ಕಥಾನಾಯಕಿ ಒಬ್ಬಳೇ ಉಳಿದು, ಇದೇ ನನ್ನ ಕೊನೆಯ ಪತ್ರ ಎನ್ನುತ್ತಾಳೆ. ಮಗಳು ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದಾಳೆ. 2023ರ ಸಂದರ್ಶನವೊಂದರಲ್ಲಿ ಲೇಡ್ಲಾ ಅದನ್ನು ಪ್ರಕಟಿಸಿದ್ದಕ್ಕೆ ಪಶ್ಚಾತ್ತಾಪಪಟ್ಟ ಎಂದು ತೋರಿಸಿದೆ. ಅವಳು "ಅದು ಅವನ ಸಮಸ್ಯೆ" ಎಂದಳು. ಓದುಗರ ಹಕ್ಕಿನ ಬಗ್ಗೆ ಇದಕ್ಕಿಂತ ಖಚಿತವಾದ ಮಾತನ್ನು ನಾನು ನಮ್ಮ ಕೂಟದಲ್ಲೂ ಕೇಳಿಲ್ಲ.

ಇನ್ನು ವಿಮರ್ಶೆಗೆ ಬರುತ್ತೇನೆ. 2019ರ ನವೆಂಬರಿನಲ್ಲಿ ವಾಲ್ವ್ ಹೊಸ ಗೇಮನ್ನು ಘೋಷಿಸಿತು, 2020ರ ಮಾರ್ಚ್ 23ರಂದು ಅದು ಬಂತು: 'ಹಾಫ್-ಲೈಫ್: ಅಲಿಕ್ಸ್'. ಕಥೆ ಮುಂದಕ್ಕಲ್ಲ, ಹಿಂದಕ್ಕೆ, ಎರಡನೆಯ ಭಾಗಕ್ಕೂ ಐದು ವರ್ಷ ಹಿಂದೆ ನಡೆಯುತ್ತದೆ. ಆಡಲು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟೇ ಬೇಕು. ವಾಲ್ವ್‌ನದೇ ಪೂರ್ತಿ ಸೆಟ್ಟಿಗೆ ಆಗ 999 ಡಾಲರ್. ಅಗ್ಗದವೂ ಇದ್ದವು, ಆದರೆ ಅವುಗಳ ಜೊತೆಗೊಂದು ಗಟ್ಟಿ ಕಂಪ್ಯೂಟರ್ ಬೇಕು, ಕೈ ಚಾಚಲು ಜಾಗ ಬೇಕು, ತಲೆ ತಿರುಗದ ಮೈ ಬೇಕು. ಹನ್ನೆರಡೂವರೆ ವರ್ಷ ಬಾಗಿಲಲ್ಲಿ ನಿಂತವರಿಗೆ ಬಾಗಿಲು ತೆರೆದು, ಹೊಸ್ತಿಲನ್ನು ಎದೆಯೆತ್ತರ ಮಾಡಿಟ್ಟಂತೆ. ಬಹಳ ಜನ ಇನ್ನೊಬ್ಬರು ಆಡುವ ವಿಡಿಯೋ ನೋಡಿ ಕಥೆ ತಿಳಿದುಕೊಂಡರು. ಇದನ್ನು ನಾನು ಸಣ್ಣ ದೂರೆಂದು ತಿಳಿಯುವುದಿಲ್ಲ.

ಆದರೂ ಒಳಗೆ ಹೋದ ಮೇಲೆ ಆ ಹಟ ಏಕೆಂದು ಅರ್ಥವಾಯಿತು. ಮಗಳು ಹೆಡ್‌ಸೆಟ್ ಹೊತ್ತುಕೊಂಡು ಮನೆಗೆ ಬಂದದ್ದು 2021ರಲ್ಲಿ, ಲಸಿಕೆಯಾದ ಮೇಲೆ. ಕನ್ನಡಕದ ಮೇಲೆ ಅದನ್ನು ಸಿಕ್ಕಿಸಿಕೊಂಡು ನಿಂತೆ. ಸಿಟಿ 17ರ ಬಾಲ್ಕನಿ. ನೋಡುವುದಕ್ಕೆ ಮೊದಲು ನಾನು ಮಾಡಿದ ಕೆಲಸ ಕಂಬಿಯನ್ನು ಹಿಡಿಯಲು ಕೈ ಚಾಚಿದ್ದು. ಒಳಗೊಂದು ಗಾಜಿದೆ, ಪಕ್ಕದಲ್ಲಿ ಮಾರ್ಕರ್ ಪೆನ್ನುಗಳಿವೆ. ಅದರ ಮೇಲೆ ಬರೆಯಬಹುದು, ಒರೆಸಬಹುದು. ಶಾಲೆಗಳು ಮುಚ್ಚಿದ ಆ ಮಾರ್ಚಿನಲ್ಲಿ ಗಣಿತದ ಮೇಷ್ಟರೊಬ್ಬರು ಅದೇ ಗಾಜಿನ ಮೇಲೆ ಕೋನಗಳ ಪಾಠ ಮಾಡಿ ಮಕ್ಕಳಿಗೆ ಕಳಿಸಿದರಂತೆ. ನಾನು 'ಅ' ಬರೆದೆ. ಅಕ್ಷರ ಸೊಟ್ಟಗಾಯಿತು, ಆದರೆ ನನ್ನ ಸೊಟ್ಟವೇ.

ಇಡೀ ಗೇಮು ಹೀಗೆ ಕೈಯ ಸುತ್ತ ಕಟ್ಟಿದ್ದು. ಮಣಿಕಟ್ಟನ್ನು ತನ್ನತ್ತ ಝಾಡಿಸಿದರೆ ದೂರದ ವಸ್ತು ಹಾರಿ ಅಂಗೈಗೆ ಬರುತ್ತದೆ. ವೋಡ್ಕಾ ಕಾರ್ಖಾನೆಯ ಒಂದು ಅಧ್ಯಾಯವಿದೆ. ಅಲ್ಲೊಂದು ಕುರುಡು ಪ್ರಾಣಿ, ಅದಕ್ಕೆ ಕಿವಿಯೇ ಕಣ್ಣು. ಸುತ್ತ ಎಲ್ಲೆಲ್ಲೂ ಬಾಟಲಿಗಳು. ಗಾಳಿಯಲ್ಲಿ ಕೆಮ್ಮು ಬರಿಸುವ ಧೂಳು. ಕೆಮ್ಮದಿರಲು ನಮ್ಮ ನಿಜವಾದ ಕೈಯನ್ನು ನಿಜವಾದ ಬಾಯಿಗೆ ಅಡ್ಡ ಹಿಡಿಯಬೇಕು, ಇನ್ನೊಂದು ಕೈಯಿಂದ ಬೀಳುವ ಬಾಟಲಿ ಹಿಡಿಯಬೇಕು. ಲೋಕವೆಲ್ಲ ಬಾಯಿ ಮುಚ್ಚಿಕೊಂಡ ಆ ತಿಂಗಳಲ್ಲೇ ಇದು ಬಂದದ್ದು ಕಾಕತಾಳೀಯ, ನಿಜ. ಆದರೆ ನನಗೆ ಮೈ ಬೆವತಿತ್ತು. ಅಂದು ಗೋಡೆಗೆ ಅಂಟಿಸಿ ನಿಲ್ಲಿಸಿದವರು ಈಗ ಕೈ ಕೊಡುತ್ತಿದ್ದಾರೆ ಎಂಬುದು ನನ್ನ ಓದು. ಅಂದು ಅಲಿಕ್ಸ್ ಅಳುವುದನ್ನು ಮೂಗನಾಗಿ ನೋಡಿದೆವು, ಈಗ ಅಲಿಕ್ಸ್ ನಾವೇ. ಬಾಯಿಯೂ ಇದೆ, ಕೈಯೂ ಇದೆ.

ಕೊನೆಯಲ್ಲಿ ಜಿ-ಮ್ಯಾನ್ ಅವಳಿಗೆ ಒಂದು ವರ ಕೊಡಲು ಮುಂದಾಗುತ್ತಾನೆ. ಕಂಬೈನನ್ನು ಭೂಮಿಯಿಂದ ಓಡಿಸು ಎಂದು ಕೇಳುತ್ತಾಳೆ. ಅದಾಗದು ಎಂದು, ಬದಲಿಗೆ ಮುಂದೆ ನಡೆಯಲಿರುವ ಅಪ್ಪನ ಸಾವನ್ನು ತೋರಿಸುತ್ತಾನೆ: ಅದೇ ಗೋದಾಮು, ಅದೇ ಹುಳು. ಅವಳು ಅದನ್ನು ಕೊಲ್ಲುತ್ತಾಳೆ. ಈಲೈ ಬದುಕುತ್ತಾನೆ. ಬೆಲೆಯಾಗಿ ಜಿ-ಮ್ಯಾನ್ ಅವಳನ್ನೇ ಎತ್ತಿಕೊಂಡು ಹೋಗುತ್ತಾನೆ. ಮತ್ತೆ ಗಾರ್ಡನ್ನನ ಕಣ್ಣು ತೆರೆದಾಗ ಅಪ್ಪ ಇದ್ದಾನೆ, ಮಗಳಿಲ್ಲ.

"ಹಾಗಾದರೆ ನಾನು ಅತ್ತದ್ದು ವೇಸ್ಟಾ ಅಪ್ಪಾ?" ಎಂಬುದು ಮಗಳ ಆಕ್ಷೇಪಣೆ. ಅವಳು ಈಲೈಯ ಸಾವಿನ ಜೊತೆ ಕಾಲೇಜು ಮುಗಿಸಿದ್ದಾಳೆ, ಮದುವೆಯಾಗಿದ್ದಾಳೆ. ಸಾವನ್ನು ಹಿಂತೆಗೆದುಕೊಂಡ ಕಥೆ ಅವಳಿಗೆ ಅಗ್ಗ. ಈಲೈಗೆ ದನಿ ಕೊಟ್ಟಿದ್ದ ನಟ ರಾಬರ್ಟ್ ಗಿಯೋಮ್ 2017ರಲ್ಲಿ ನಿಜವಾಗಿಯೇ ತೀರಿಕೊಂಡಿದ್ದರು. "ಬದುಕಿ ಬಂದ ಅಪ್ಪನ ಗಂಟಲೇ ಬೇರೆ" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇನ್ನೊಂದು ತಪ್ಪನ್ನು ನಾನೇ ಸೇರಿಸುತ್ತೇನೆ. ಬಾಟಲಿ ಬೀಳಿಸಲೂ ಹಿಡಿಯಲೂ ಸ್ವಾತಂತ್ರ್ಯ ಕೊಟ್ಟವರು, ಆ ಕೊನೆಯ ಘಳಿಗೆಯಲ್ಲಿ ಒಲ್ಲೆ ಎನ್ನಲು ದಾರಿಯನ್ನೇ ಇಟ್ಟಿಲ್ಲ. ಹೊಡೆಯಲೇಬೇಕು, ಉಳಿಸಲೇಬೇಕು. ಕೈ ನಮ್ಮದು, ಸಹಿ ಅವರದು. ಇಡೀ ಕೃತಿಯ ತರ್ಕಕ್ಕೆ ಇದು ವಿರುದ್ಧ.

ಆದರೆ ಅವಳು ಗಮನಿಸದ ಒಂದು ಸಂಗತಿ ಹೇಳಿದೆ. ಲೇಡ್ಲಾನ ಪತ್ರದ ಕೊನೆಯಲ್ಲೂ ಜಿ-ಮ್ಯಾನ್ ಬರುತ್ತಾನೆ, ಅಲ್ಲೂ ಅವನು ಒಯ್ಯುವುದು ಆ ಮುದಿ ವಿಜ್ಞಾನಿಯ ಸಂತಾನವನ್ನೇ. ಬರೆದವರು ಬೇರೆ, ಅಪ್ಪನ ಗತಿಯೂ ಬೇರೆ. ದೂರಕ್ಕೆ ಹೋಗುವ ಮಗು ಮಾತ್ರ ಎರಡರಲ್ಲೂ ಒಂದೇ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನೀನು ಓದುವ ರೀತಿ" ಎಂದಳು. ಇರಬಹುದು. ಫ್ರಾಂಕ್‌ಫರ್ಟಿನಲ್ಲಿ ಕೂತು ಓದಿದವನ ರೀತಿ.

2024ರಲ್ಲಿ, ಎರಡನೆಯ ಭಾಗಕ್ಕೆ ಇಪ್ಪತ್ತು ತುಂಬಿದಾಗ, ಕಂಪನಿ ಒಂದು ಸಾಕ್ಷ್ಯಚಿತ್ರ ಬಿಡುಗಡೆ ಮಾಡಿ ಕೈಬಿಟ್ಟ ಮೂರನೆಯ ಕಂತಿನ ತುಣುಕುಗಳನ್ನು ತೋರಿಸಿತು: ಹಿಮವನ್ನೇ ಎರಚುವ ಬಂದೂಕು, ಮುದ್ದೆಯಂಥ ಒಂದು ಪ್ರಾಣಿ. ಕಥೆ ಮುಗಿಸಬೇಕೆಂಬ ಒಂದೇ ಕಾರಣಕ್ಕೆ ಗೇಮು ಮಾಡುವುದು ತಪ್ಪಿಸಿಕೊಳ್ಳುವ ದಾರಿಯಾಗುತ್ತಿತ್ತು ಎಂಬ ಅರ್ಥದ ಮಾತನ್ನು ಸ್ಥಾಪಕ ಗೇಬ್ ನ್ಯೂವೆಲ್ ಅದರಲ್ಲಿ ಹೇಳುತ್ತಾನೆ. ಮೊದಲು ಸಿಟ್ಟು ಬಂತು. ಭೂಷಣಭಟ್ಟ ಹೀಗೆ ಹೇಳಿದ್ದರೆ ನಮ್ಮ ಗತಿಯೇನು? ಆಮೇಲೆ, ಕೈಗೆ ಆಟ ಕೊಡುವ ಹೊಸದೊಂದು ದಾರಿ ಸಿಗುವ ತನಕ ಸುಮ್ಮನಿದ್ದವರ ಮಾತು ಅದು ಎನಿಸಿತು. ಮಗಳಿಗೆ ಸಿಟ್ಟು ಇನ್ನೂ ಇಳಿದಿಲ್ಲ.

ಅವಳು ಹೆಡ್‌ಸೆಟ್ಟನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾಳೆ. ಬೇಸ್‌ಮೆಂಟಿನಲ್ಲಿ ಜಾಗವಿದೆ. ಆಸಕ್ತಿಯಿದ್ದವರು ಮುಂದಿನ ಕೂಟಕ್ಕೆ ಒಂದು ಗಂಟೆ ಮೊದಲೇ ಬನ್ನಿ. ಊಟ ಮಾಡಿಕೊಂಡು ಮಾತ್ರ ಬರಬೇಡಿ, ತಲೆ ತಿರುಗುತ್ತದೆ. ಗಾಜಿನ ಮೇಲೆ ನೀವೂ ನಿಮ್ಮ 'ಅ' ಬರೆಯಬಹುದು.