ಸಭಾಮುದ್ರಿಕೆಗಳ ಗುಣವಿಚಾರ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಅಮಾವಾಸ್ಯೆಯ ರಾತ್ರಿ ಮಠದ ಭಜನೆಗೆ ಹೋಗಿ ಕುಳಿತವರಿಗೆ ಒಂದು ಸಂಗತಿಯು ಪರಿಚಿತವಾದುದೇ. ಮುಂದಾಳು ಏಕತಾರಿಯನ್ನು ಮೀಟಿ ಪಲ್ಲವಿಯನ್ನು ಎತ್ತುತ್ತಾನೆ. ಹಿಮ್ಮೇಳದವರು ತಾಳ, ದಮ್ಮಡಿಗಳೊಡನೆ ಅದನ್ನು ಮರಳಿ ಹಾಡುತ್ತಾರೆ. ಕಡಕೋಳದ ಮಡಿವಾಳಪ್ಪನವರ ತತ್ತ್ವಪದವೊಂದು ಕೆಲವೇ ನಿಮಿಷಗಳಲ್ಲಿ ಮುಗಿಯುವುದೂ ಉಂಟು. ಸಭೆಯು ಒಲಿದರೆ ಬಹು ಹೊತ್ತು ಬೆಳೆಯುವುದೂ ಉಂಟು. ಹಾಗೆ ಬೆಳೆದ ಹಾಡಿನಲ್ಲಿ ಹಾಡಿದವನ ಪಾಲು ಎಷ್ಟು, ಕೇಳಿದವರ ಪಾಲು ಎಷ್ಟು ಎಂದು ಭಾಗಿಸಿ ಹೇಳಲು ಬಾರದು. ಇಂಥ ಹಾಡನ್ನು ಯಂತ್ರದಲ್ಲಿ ಹಿಡಿದಿಟ್ಟರೆ ಉಳಿಯುವುದೇನು, ಜಾರಿಹೋಗುವುದೇನು ಎಂಬ ಪ್ರಶ್ನೆಯು ಕೇವಲ ಯಂತ್ರಶಾಸ್ತ್ರದ್ದಲ್ಲ, ರಸವಿಚಾರಕ್ಕೆ ಸೇರಿದುದು.

ಸಭೆಯ ಮುಂದೆ ಹಾಡಿದುದನ್ನು ಅಲ್ಲಿಯೇ ಮುದ್ರಿಸಿ ಹೊರತಂದ ಸಂಗ್ರಹಕ್ಕೆ ಲೈವ್ ಆಲ್ಬಮ್ ಎಂಬ ಹೆಸರು ರೂಢಿಯಲ್ಲಿದೆ, ಕನ್ನಡದಲ್ಲಿ ಸಭಾಮುದ್ರಿಕೆಯೆನ್ನಬಹುದು. ಮೊದಲಿಗೆ ಇದು ಸುಲಭಸಾಧ್ಯವಾಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲು ಮೂರು ನಿಮಿಷಕ್ಕಿಂತ ಹೆಚ್ಚೇನನ್ನೂ ಹಿಡಿಯುತ್ತಿರಲಿಲ್ಲ. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಆ ಇಕ್ಕಟ್ಟಿನಲ್ಲಿಯೇ ರಾಗವೊಂದರ ಸಾರವನ್ನು ಹಿಂಡಿ ಕೊಡಬೇಕಾಯಿತು. ಅವರು ಕೊಟ್ಟುದು ಅತ್ತರಿನಂತಿತ್ತು. ಆದರೆ ಹೂವು ಅರಳುವುದನ್ನು ನೋಡುವ ಸುಖ ಅತ್ತರಿನಲ್ಲಿಲ್ಲ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಕ್ಕು ಹಿಡಿಯುವ ದೀರ್ಘ ಪ್ಲೇಟನ್ನು ಹೊರತಂದಿತು. ಕಾಂತೀಯ ಟೇಪೂ ಅದೇ ಸುಮಾರಿಗೆ ಬಳಕೆಗೆ ಬಂದಿತು. ಆ ಬಳಿಕ ಸಭೆಗೆ ಮುದ್ರಿಕೆಯೊಳಗೆ ಎಡೆ ದೊರೆಯಿತು. ಇಂದು ದೊರೆಯುವ ಮನ್ಸೂರರ, ಭೀಮಸೇನ ಜೋಶಿಯವರ ಬೈಠಕ್ಕುಗಳ ಮುದ್ರಿಕೆಗಳಲ್ಲಿ ರಸಿಕರ ‘ವಾಹವಾ’ ಕೇಳಿಸುವುದು ಈ ಬದಲಾವಣೆಯ ಫಲವೇ.

ಈ ಅವಕಾಶವನ್ನು ಬಹು ಆಳವಾಗಿ ಬಳಸಿಕೊಂಡವರಲ್ಲಿ ಅಮೆರಿಕದ ಬ್ಲೂಸ್ ಗಾಯಕರೂ, ಅವರನ್ನು ಅನುಸರಿಸಿದ ರಾಕ್ ತಂಡದವರೂ ಪ್ರಮುಖರು. ದಾಸ್ಯದಿಂದ ಬಿಡುಗಡೆ ಹೊಂದಿದ ಆಫ್ರಿಕನ್ ಮೂಲದ ಜನರು ದಕ್ಷಿಣ ಪ್ರಾಂತಗಳ ಹತ್ತಿಯ ಹೊಲಗಳ ನಡುವೆ ಬೆಳೆಯಿಸಿದ ಹಾಡು ಬ್ಲೂಸ್. ಅದರ ಸಾಮಾನ್ಯ ಕಟ್ಟು ಸರಳವಾದುದು: ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಿಂದ ಅದಕ್ಕೆ ಉತ್ತರ ಕೊಡುವುದು. ಕೂಲಿಯಲ್ಲಿಯೂ ಪ್ರಾರ್ಥನೆಯಲ್ಲಿಯೂ ಒಬ್ಬನು ಕೂಗಿದರೆ ಉಳಿದವರು ಓಗೊಡುವ ಪದ್ಧತಿಯು ಅದರ ಬೇರಿನಲ್ಲಿದೆ. ಭಜನೆಯ ಹಿಮ್ಮೇಳವನ್ನು ಬಲ್ಲವರಿಗೆ ಈ ಕ್ರಮವು ಪರಕೀಯವೆನಿಸದು. ಎರಡರ ಭಾವಗಳು ಬೇರೆ. ಅದು ಲೋಕದ ದುಃಖವನ್ನು ಹೇಳುತ್ತದೆ, ಇದು ಗುರುಬೋಧೆಯನ್ನು. ಆದರೆ ಓಗೊಡುವವರಿಲ್ಲದಿದ್ದರೆ ಎರಡೂ ಅರೆಯಾಗುತ್ತವೆ.

ಮಡ್ಡಿ ವಾಟರ್ಸರು 1960ರ ಜುಲೈ 3ರಂದು ರೋಡ್ ಐಲೆಂಡ್ ಪ್ರಾಂತದ ನ್ಯೂಪೋರ್ಟಿನ ಉತ್ಸವದಲ್ಲಿ ಹಾಡಿದುದರ ಮುದ್ರಿಕೆಯು ಇದಕ್ಕೆ ಮೊದಲನೆಯ ನಿದರ್ಶನ. ಹಿಂದಿನ ದಿನ ಒಳಗೆ ಪ್ರವೇಶ ದೊರೆಯದ ತರುಣರು ದಂಗೆಯೆದ್ದುದರಿಂದ ಉತ್ಸವವನ್ನು ಅರ್ಧಕ್ಕೇ ಮುಚ್ಚುವುದೆಂದು ನಿಶ್ಚಯವಾಗಿದ್ದಿತು. ಆ ಮಧ್ಯಾಹ್ನದ ಬ್ಲೂಸ್ ಕಾರ್ಯಕ್ರಮವೊಂದೇ ಉಳಿದಿದ್ದಿತು. ವಾಟರ್ಸರು ಜನರ ಉತ್ಸಾಹವನ್ನು ಕಂಡು ಒಂದೇ ಹಾಡನ್ನು ಮರಳಿ ಎತ್ತಿಕೊಂಡರು. ಮುದ್ರಿಕೆಯಲ್ಲಿ ಎರಡೂ ಸರತಿಗಳಿವೆ. ಕೊನೆಗೆ ಕವಿ ಲ್ಯಾಂಗ್‌ಸ್ಟನ್ ಹ್ಯೂಸರು ಅಲ್ಲಿಯೇ ಬರೆದುಕೊಟ್ಟ ವಿದಾಯಗೀತವನ್ನು ಪಿಯಾನೋ ವಾದಕ ಓಟಿಸ್ ಸ್ಪಾನರು ಹಾಡಿದರು. ಆ ಹಾಡು ಆ ಮಧ್ಯಾಹ್ನಕ್ಕೆ ಮುಂಚೆ ಇರಲಿಲ್ಲ. ಉತ್ಸವಕ್ಕೆ ಆ ಗತಿ ಬಾರದಿದ್ದರೆ ಹುಟ್ಟುತ್ತಲೂ ಇರಲಿಲ್ಲ. ಸಂದರ್ಭವೇ ಕೃತಿಯನ್ನು ಹೆರುವುದೆಂದರೆ ಇದು.

ಆದರೆ ಸಭೆಯ ಪಾಲನ್ನು ತೋರಿಸುವುದರಲ್ಲಿ ಬಿ. ಬಿ. ಕಿಂಗರ ‘ಲೈವ್ ಅಟ್ ದ ರೀಗಲ್’ ಎಂಬ ಮುದ್ರಿಕೆಗೆ ಸಾಟಿಯಿಲ್ಲ. 1964ರ ನವೆಂಬರ್ 21ರಂದು ಷಿಕಾಗೋ ನಗರದ ರೀಗಲ್ ಥಿಯೇಟರಿನಲ್ಲಿ ಮುದ್ರಿತವಾದುದು, 1965ರಲ್ಲಿ ಪ್ರಕಟವಾಯಿತು. ಇದರಲ್ಲಿ ಒಂದೆಡೆ ಕಿಂಗರು, ಪ್ರಿಯೆಗೆ ತಾವು ಕೊಟ್ಟುದನ್ನೂ ಅವಳು ಅದನ್ನು ಹೀಗಳೆದುದನ್ನೂ ಒಂದೊಂದಾಗಿ ಎಣಿಸುತ್ತ ಹೋಗುತ್ತಾರೆ. ಎಣಿಕೆಯು ಏರಿದಂತೆ ಸ್ತ್ರೀಯರ ಉದ್ಗಾರವೂ ಏರುತ್ತದೆ. ಕಡೆಯ ಮಾತಿಗೆ ಇಡೀ ಸಭೆಯೇ ಸಿಡಿಯುತ್ತದೆ. ಇಲ್ಲಿ ಗಮನಿಸತಕ್ಕದ್ದೆಂದರೆ, ಕಿಂಗರು ಸಾಲಿನ ಕೊನೆಯಲ್ಲಿ ಬಿಡುವ ಮೌನ. ಸಭೆಯಿಂದ ಉತ್ತರ ಬರುವುದೆಂಬ ಭರವಸೆಯಿದ್ದವನು ಮಾತ್ರ ಅಷ್ಟು ಮೌನವನ್ನು ಬಿಡಬಲ್ಲನು. ಇದಕ್ಕಿಂತ ಚೆನ್ನಾಗಿ ತಾವು ನುಡಿಸಿದ ಸಂಜೆಗಳು ಎಷ್ಟೋ ಇದ್ದುವೆಂಬುದು ಕಿಂಗರ ಸ್ವಂತ ಅಭಿಪ್ರಾಯವಾಗಿದ್ದಿತು. ವಾದನದ ಮಟ್ಟಿಗೆ ಅದು ನಿಜವಾಗಿರಬಹುದು. ಆದರೆ ಈ ಮುದ್ರಿಕೆಯ ಶ್ರೇಷ್ಠತೆಯು ಅವರೊಬ್ಬರಿಗೆ ಸೇರಿದುದಲ್ಲ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು 2005ರಲ್ಲಿ ಇದನ್ನು ಕಾಪಿಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು.

ರಾಕ್ ತಂಡಗಳ ವಿಷಯದಲ್ಲಿ ತೂಕವು ಬೇರೆಯಾಗುತ್ತದೆ. ಇಂಗ್ಲೆಂಡಿನ ‘ದ ಹೂ’ ತಂಡದವರು 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಹಾಡಿದುದರಿಂದ ಆರು ಹಾಡುಗಳನ್ನು ಆರಿಸಿ ಮೊದಲ ಮುದ್ರಿಕೆಯನ್ನು ಹೊರತಂದರು. 1965ರಲ್ಲಿ ಮೂರು ಚಿಲ್ಲರೆ ನಿಮಿಷಗಳಿದ್ದ ಅವರ ಹಾಡೊಂದು ಇಲ್ಲಿ ಹದಿನಾಲ್ಕು ನಿಮಿಷವನ್ನು ಮೀರಿದೆ. ಟೇಪಿನಲ್ಲಿದ್ದ ಚಟಪಟ ಸದ್ದನ್ನು ತಿದ್ದಬಾರದೆಂದು ಪ್ಲೇಟಿನ ಮೇಲೆಯೇ ಬರೆದಿದ್ದರು. ಈ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು. ಆದರೂ ಇಲ್ಲಿಯ ಸಭೆಯು ಸಾಕ್ಷಿಯೇ ಹೊರತು ಸಹಗಾಯಕವಲ್ಲ. ಚಂಡಮಾರುತವನ್ನು ದಡದಲ್ಲಿ ನಿಂತು ನೋಡಿದವರಂತೆ ಅದು ಬೆರಗಾಗುತ್ತದೆ, ಓಗೊಡುವುದಿಲ್ಲ. 1971ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಆಲ್‌ಮನ್ ಬ್ರದರ್ಸ್ ತಂಡದವರು ನುಡಿಸಿದುದು ಬ್ಲೂಸಿನ ಮೂಲಕ್ಕೆ ಹೆಚ್ಚು ಸಮೀಪವಾಗಿದೆ. 1969ರಲ್ಲಿ ಐದು ನಿಮಿಷದಷ್ಟಿದ್ದ ‘ವಿಪ್ಪಿಂಗ್ ಪೋಸ್ಟ್’ ಇಲ್ಲಿ ಸುಮಾರು 23 ನಿಮಿಷ ನಡೆಯುತ್ತದೆ. ಆ ಹಾಡಿಗೆ ಮುನ್ನ ಕೇಳುಗನೊಬ್ಬನು ಅದರ ಹೆಸರನ್ನು ಕೂಗಿ ಬೇಡಿದುದೂ ಮುದ್ರಿಕೆಯಲ್ಲಿ ಉಳಿದಿದೆ. ಒಂದು ಗಿಟಾರು ಕೇಳಿದ ಪ್ರಶ್ನೆಗೆ ಇನ್ನೊಂದು ಉತ್ತರಿಸುವ ಕ್ರಮವು ಸವಾಲು-ಜವಾಬಿನ ಪದಗಳನ್ನು ಬಲ್ಲವರಿಗೆ ಕೂಡಲೆ ತಿಳಿಯುತ್ತದೆ. ಮುಖ್ಯ ವಾದಕರಲ್ಲೊಬ್ಬರಾದ ಡ್ವೇನ್ ಆಲ್‌ಮನ್ನರು ಅದೇ ಅಕ್ಟೋಬರ್ 29ರಂದು, 24ನೆಯ ವಯಸ್ಸಿನಲ್ಲಿ, ಮೋಟಾರ್ ಸೈಕಲ್ ಅಪಘಾತದಿಂದ ತೀರಿಕೊಂಡರು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ತಪ್ಪು, ಗದ್ದಲ, ದೀರ್ಘತೆಗಳೇ ಗುಣಗಳೆಂದು ಎಣಿಸಿದರೆ ಕಲೆಯ ಶುದ್ಧಿಗೆ ಬೆಲೆಯೇನು? ಆಕ್ಷೇಪವು ಯುಕ್ತವಾದುದೇ. ದೀರ್ಘತೆಯು ತನ್ನಷ್ಟಕ್ಕೆ ಗುಣವಲ್ಲ. ಬೆಳೆಯದೆ ಉದ್ದವಾದ ಹಾಡು ಬೇಸರವನ್ನೇ ತರುತ್ತದೆ. ತಿದ್ದುವುದೂ ತನ್ನಷ್ಟಕ್ಕೆ ದೋಷವಲ್ಲ. 1978ರಲ್ಲಿ ಪ್ರಕಟವಾದ ಥಿನ್ ಲಿಝಿ ಎಂಬ ಐರಿಷ್ ತಂಡದ ಸಭಾಮುದ್ರಿಕೆಯನ್ನು ಕುರಿತು, ಬಹುಪಾಲು ಸ್ಟುಡಿಯೋದಲ್ಲಿ ಮರಳಿ ಮುದ್ರಿಸಿದುದೆಂದು ಅದರ ನಿರ್ಮಾಪಕರೂ, ಹಾಗಲ್ಲವೆಂದು ತಂಡದವರೂ ವಾದಿಸಿದರು. ಓಲೆಗರಿಯ ಗ್ರಂಥವನ್ನು ಪರಿಷ್ಕರಿಸುವ ಪಂಡಿತನು ಲಿಪಿಕಾರನ ಕೈತಪ್ಪನ್ನು ತಿದ್ದಿದರೆ ಯಾರೂ ದೂರುವುದಿಲ್ಲ. ತನ್ನದೊಂದು ಪದ್ಯವನ್ನು ಒಳಗಿಟ್ಟರೆ ಅದು ಪ್ರಕ್ಷೇಪವಾಗುತ್ತದೆ. ಸಭಾಮುದ್ರಿಕೆಗೂ ಇದೇ ನ್ಯಾಯ. ಹಾಡುವವನಿಗೂ ಕೇಳುವವರಿಗೂ ನಡುವೆ ನಿಜವಾಗಿ ನಡೆದುದು ಅಲ್ಲಿ ಉಳಿದಿದೆಯೆ ಎಂಬುದೊಂದೇ ಒರೆಗಲ್ಲು.

ಈ ಒರೆಗಲ್ಲಿನಿಂದ ನೋಡಿದರೆ ಈ ಸೀಮೆಯ ಹಾಡಿನ ಗತಿಯು ಯೋಚನೆಯನ್ನು ಹುಟ್ಟಿಸುತ್ತದೆ. ತತ್ತ್ವಪದಗಳನ್ನು ಸ್ಟುಡಿಯೋದಲ್ಲಿ ಮುದ್ರಿಸುವಾಗ ಹಲವೆಡೆ ಏಕತಾರಿಯ ಬದಲು ಕೀಬೋರ್ಡು ಬರುತ್ತದೆ. ಹಿಮ್ಮೇಳವು ಎರಡು ಕಂಠಕ್ಕೆ ಇಳಿಯುತ್ತದೆ, ಇಲ್ಲವೆ ಇಲ್ಲವಾಗುತ್ತದೆ. ಧ್ವನಿಯು ನಿರ್ಮಲವಾಗಿರುತ್ತದೆ, ಸಭೆಯು ಸತ್ತಿರುತ್ತದೆ. ಗುರುವು ಶಿಷ್ಯನಿಗೆ ಹೇಳಿದ ಮಾತನ್ನು ಶಿಷ್ಯನು ಮರಳಿ ನುಡಿದು ತನ್ನದಾಗಿಸಿಕೊಳ್ಳುವುದೇ ತತ್ತ್ವಪದದ ಹೃದಯ. ಹಿಮ್ಮೇಳವನ್ನು ತೆಗೆದರೆ ಅಲಂಕಾರವಲ್ಲ, ಅರ್ಥವೇ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ಜಾತ್ರೆಯಲ್ಲಿ ಮೊಬೈಲಿನಿಂದ ಯಾರೋ ಹಿಡಿದ ಮುದ್ರಣವು, ಗದ್ದಲದಿಂದ ತುಂಬಿದ್ದರೂ, ಹಲವು ವೇಳೆ ಹೆಚ್ಚು ಸತ್ಯವಾಗಿರುತ್ತದೆ. ಆದರೆ ಹಾಡಿದವರ ಹೆಸರಾಗಲಿ, ಊರಾಗಲಿ, ತಿಥಿಯಾಗಲಿ ಅದರಲ್ಲಿ ಇರುವುದಿಲ್ಲ.

ಮಾಡಬೇಕಾದುದು ದೊಡ್ಡದೇನೂ ಅಲ್ಲ. ಒಂದು ಮೈಕು ಮುಂದಾಳಿನೆದುರಿಗಿದ್ದರೆ ಇನ್ನೊಂದು ಹಿಮ್ಮೇಳದತ್ತ ಇರಲಿ. ಪದವನ್ನು ಆರಂಭದಿಂದ ಕೊನೆಯವರೆಗೆ ಕತ್ತರಿಸದೆ ಹಿಡಿಯಲಿ. ಹೆಸರು, ಊರು, ದಿನಗಳನ್ನು ಬರೆದಿಡಲಿ. ನೂರಾರು ಪದಗಳನ್ನು ಬಾಯಲ್ಲಿಟ್ಟುಕೊಂಡ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪದಗಳ ಅಕ್ಷರವು ಪುಸ್ತಕದಲ್ಲಿ ಉಳಿಯಬಹುದು. ಅವರು ಎಲ್ಲಿ ನಿಲ್ಲಿಸುತ್ತಿದ್ದರು, ಸಭೆಯು ಅಲ್ಲಿ ಏನೆಂದು ಓಗೊಡುತ್ತಿದ್ದಿತು ಎಂಬುದನ್ನು ಪುಸ್ತಕವು ಹೇಳಲಾರದು. ಷಿಕಾಗೋ ನಗರದ ಒಂದು ಸಂಜೆಯ ಉದ್ಗಾರವು ಅರುವತ್ತು ವರ್ಷಗಳ ಮೇಲೆಯೂ ಕೇಳಿಸುತ್ತಿದೆ. ಕೃಷ್ಣೆ-ಭೀಮೆಯರ ನಡುವಣ ಹಳ್ಳಿಗಳ ಹಿಮ್ಮೇಳಕ್ಕೂ ಆ ಭಾಗ್ಯವು ದೊರೆಯತಕ್ಕದ್ದು.